ಚೆಲೊ ಅಂದರೆ ‘ಚಿಕ್ಕದು’ ಅಂತಾ? ಹಾಗಾದರೆ ಅಷ್ಟು ದೊಡ್ಡದು ಯಾಕೆ?

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ಮೂರು ವರ್ಷ ಪಿಟೀಲು ಕಲಿತಳು, ಹೋದ ವರ್ಷದಿಂದ ಚೆಲ್ಲೊ ಹಿಡಿದಿದ್ದಾಳೆ. ಪಿಟೀಲಿನ ಥರದ್ದೇ, ಆದರೆ ಮೊಣಕಾಲುಗಳ ನಡುವೆ ಇಟ್ಟು ಕಮಾನಿನಿಂದ ನುಡಿಸುವ ದೊಡ್ಡ ವಾದ್ಯ. ಶಾಲೆಯ ವಾರ್ಷಿಕೋತ್ಸವದ ಆಮಂತ್ರಣದಲ್ಲಿ ಅವಳ ಹೆಸರಿನ ಮುಂದೆ ‘ವಯಲಿನ್‌ಚೆಲ್ಲೊ’ ಎಂದು ಅಚ್ಚಾಗಿತ್ತು. ಬರೆದುಕೊಟ್ಟವಳು ನಾನೇ. ಅತಿಥಿಯಾಗಿ ಬಂದವರೊಬ್ಬರು ಇದು ತಪ್ಪು ಎಂದರು, ಯಾಕೆ ಅಂತ ಹೇಳಲಿಲ್ಲ. ಇಟಾಲಿಯನ್ ಭಾಷೆಯಲ್ಲಿ ಚೆಲ್ಲೊ ಅಂದರೆ ‘ಚಿಕ್ಕದು’ ಎಂದು ಎಲ್ಲೋ ಓದಿದೆ. ಮಗಳಿಗಿಂತ ಅಗಲ ಇರುವ ವಾದ್ಯಕ್ಕೆ ಚಿಕ್ಕದು ಅಂತ ಹೆಸರಾ? ನಮ್ಮ ಮಾವನವರು ‘ಇದೆಲ್ಲ ಸಂಸ್ಕೃತದ ಬಾಹುಲೀನದಿಂದ ಬಂದದ್ದು, ಇಟಲಿಗೂ ಇದಕ್ಕೂ ಸಂಬಂಧವೇ ಇಲ್ಲ’ ಅನ್ನುತ್ತಾರೆ. ಇದರ ನಡುವೆ ಮಗಳ ಹಳೆಯ ಪಿಟೀಲಿಗೆ ತಂತಿ ತರಿಸಿದೆವು. ಕವರಿನ ಮೇಲೆ ‘ವಯೋಲ’ ಎಂದಿದೆ. ಅದು ವಯಲಿನ್‌ಗೇ ಇಟಾಲಿಯನ್ ಹೆಸರು ಇರಬೇಕು ಅಂದುಕೊಂಡಿದ್ದೇವೆ. ಹಾಕಬಹುದಾ? ಮುಂದಿನ ಕಾರ್ಯಕ್ರಮಕ್ಕೆ ಕನ್ನಡದಲ್ಲಿ ಏನಂತ ಬರೆಯಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ತಂತಿಯ ವಿಷಯ. ದಯವಿಟ್ಟು ಹಾಕಬೇಡಿ. ಕವರನ್ನು ಒಡೆಯದೆ ಹಾಗೇ ಇಡಿ, ಸಾಧ್ಯವಾದರೆ ಅಂಗಡಿಗೆ ವಾಪಸ್ ಕೊಟ್ಟು ಬದಲಾಯಿಸಿಕೊಳ್ಳಿ. ಯಾಕೆ ಅನ್ನುವುದನ್ನು ಕೊನೆಯಲ್ಲಿ ಬಿಡಿಸಿ ಹೇಳುತ್ತೇನೆ. ಆ ಕಾರಣವೂ ನಿಮ್ಮ ಹೆಸರಿನ ಪ್ರಶ್ನೆಯೊಳಗೇ ಅಡಗಿದೆ.

ನಾನು 22 ವರ್ಷದಿಂದ ಈ ವಾದ್ಯಗಳನ್ನು ರಿಪೇರಿ ಮಾಡುತ್ತಾ, ಸಂಜೆ ಹೊತ್ತು ಮಕ್ಕಳಿಗೆ ಕಲಿಸುತ್ತಾ ಬಂದಿದ್ದೇನೆ. ನೀವು ಕೇಳಿದ ಪ್ರಶ್ನೆಯನ್ನು ತಂದೆತಾಯಂದಿರು ನನ್ನ ಹತ್ತಿರ ಎಷ್ಟೋ ಸಲ ಕೇಳಿದ್ದಾರೆ. ‘ಹೆಸರಲ್ಲೇನಿದೆ ಬಿಡಿ’ ಅಂತ ಒಮ್ಮೆಯೂ ಹೇಳಿ ಕಳಿಸಿಲ್ಲ. ಈ ಹೆಸರನ್ನು ಬಿಡಿಸಿ ನೋಡಿದರೆ ವಾದ್ಯ ಹೇಗೆ ಹುಟ್ಟಿತು ಅನ್ನುವುದೇ ಕಾಣುತ್ತದೆ.

ನೀವು ಬರೆದದ್ದರಲ್ಲಿ ತಪ್ಪಿರುವುದು ಒಂದೇ ಅಕ್ಷರ. ‘ವಯಲಿನ್‌ಚೆಲ್ಲೊ’ ಅಲ್ಲ, ‘ವಯಲೊನ್‌ಚೆಲ್ಲೊ’. ‘ಲಿ’ ಇದ್ದ ಕಡೆ ‘ಲೊ’ ಬರಬೇಕು. ಇಂಗ್ಲಿಷ್‌ನಲ್ಲೇ ಹುಟ್ಟಿ ಬೆಳೆದವರೂ ನೂರಾರು ವರ್ಷದಿಂದ ಇದೇ ತಪ್ಪು ಮಾಡುತ್ತಾ ಬಂದಿದ್ದಾರೆ, ಹಳೆಯ ಅಚ್ಚಿನ ಪುಸ್ತಕಗಳಲ್ಲೂ ಸಿಗುತ್ತದೆ. ಹಾಗಾಗಿ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ಆ ಒಂದು ಅಕ್ಷರದಲ್ಲಿ ಅರ್ಥ ಪೂರ್ತಿ ತಿರುವುಮುರುವಾಗುತ್ತದೆ.

ಕನ್ನಡದಲ್ಲಿ ಒಂದು ವಸ್ತು ದೊಡ್ಡದು ಎನ್ನಲು ಪದದ ಮುಂದೆ ಸೇರಿಸುತ್ತೇವೆ: ಹೆದ್ದಾರಿ, ಹೆಬ್ಬಾಗಿಲು, ಹೆಬ್ಬೆರಳು. ಚಿಕ್ಕದಾದರೆ ಕಿರುಬೆರಳು, ಕಿರುದಾರಿ. ಇಟಾಲಿಯನ್ನರು ಇದೇ ಕೆಲಸವನ್ನು ಪದದ ಬಾಲದಲ್ಲಿ ಮಾಡುತ್ತಾರೆ. ‘ಓನೆ’ ಸೇರಿಸಿದರೆ ದೊಡ್ಡದು. ‘ಈನೊ’ ಅಥವಾ ‘ಚೆಲ್ಲೊ’ ಸೇರಿಸಿದರೆ ಚಿಕ್ಕದು. ಮೂಲ ಪದ ವಿಯೋಲ (ಇಂಗ್ಲಿಷ್ ಬಾಯಲ್ಲಿ ವಯೋಲ). ಕಮಾನಿನಿಂದ ನುಡಿಸುವ ತಂತಿವಾದ್ಯಗಳಿಗೆಲ್ಲ ಅಲ್ಲಿ ಆಗ ಇದ್ದ ಸಾಮಾನ್ಯ ಹೆಸರು ಅದು. ವಿಯೋಲದ ಚಿಕ್ಕ ರೂಪ ವಿಯೊಲೀನೊ, ಅದೇ ನಮ್ಮ ವಯಲಿನ್. ವಿಯೋಲದ ದೊಡ್ಡ ರೂಪ ವಿಯೊಲೋನೆ. ಆ ದೊಡ್ಡದರಲ್ಲಿ ಚಿಕ್ಕದು ವಿಯೊಲೊನ್‌ಚೆಲ್ಲೊ.

ಅಂದರೆ ‘ಚಿಕ್ಕ ದೊಡ್ಡ ವಿಯೋಲ’. ಕೇಳಿದರೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆದರೆ ನಮ್ಮ ಮನೆಗಳಲ್ಲಿ ಇಂಥ ಹೆಸರನ್ನು ದಿನಾ ಕರೆಯುತ್ತೇವೆ. ಅಪ್ಪನಿಗೆ ಇಬ್ಬರು ಅಣ್ಣಂದಿರಿದ್ದರೆ ಒಬ್ಬರು ದೊಡ್ಡ ದೊಡ್ಡಪ್ಪ, ಇನ್ನೊಬ್ಬರು ಚಿಕ್ಕ ದೊಡ್ಡಪ್ಪ. ಚಿಕ್ಕ ದೊಡ್ಡಪ್ಪ ಅಂದ ಮಾತ್ರಕ್ಕೆ ಅವರು ಅಪ್ಪನಿಗಿಂತ ಚಿಕ್ಕವರಾಗುತ್ತಾರಾ? ಇಲ್ಲ. ದೊಡ್ಡಪ್ಪಂದಿರ ಪೈಕಿ ಚಿಕ್ಕವರು, ಅಷ್ಟೇ. ಚೆಲೊ ಈ ಮನೆಯ ಚಿಕ್ಕ ದೊಡ್ಡಪ್ಪ. ವಯಲಿನ್ ಚಿಕ್ಕಪ್ಪ. ನೀವು ಬರೆದ ‘ವಯಲಿನ್‌ಚೆಲ್ಲೊ’ ಅಂದರೆ ಚಿಕ್ಕದರಲ್ಲೂ ಚಿಕ್ಕದು, ‘ಚಿಕ್ಕ ಚಿಕ್ಕಪ್ಪ’ ಅಂದ ಹಾಗೆ. ನಿಮ್ಮ ಅತಿಥಿಗಳು ತಪ್ಪು ಎಂದದ್ದು ಇದಕ್ಕೇ.

ಈಗ ‘ಚೆಲ್ಲೊ ಅಂದರೆ ಚಿಕ್ಕದು’ ಎಂಬ ಮಾತು. ಇದು ಅರ್ಧ ಸತ್ಯ. ಚೆಲ್ಲೊ ಎಂಬುದು ಇಟಾಲಿಯನ್‌ನಲ್ಲಿ ಒಂಟಿಯಾಗಿ ನಿಂತು ಚಿಕ್ಕದು ಎಂಬ ಅರ್ಥ ಕೊಡುವ ಪದವಲ್ಲ. ಅದು ಬರೀ ಬಾಲ. ‘ಕಿರುಬೆರಳು’ ಪದದಿಂದ ಬೆರಳನ್ನೇ ಕಿತ್ತುಹಾಕಿ ‘ಕಿರು’ ಅಂತ ಕರೆದರೆ ಹೇಗೋ ಹಾಗೆ. ವಯಲೊನ್‌ಚೆಲ್ಲೊ ಉದ್ದವಾಯಿತೆಂದು ಇಂಗ್ಲಿಷರು ತಲೆ ಕತ್ತರಿಸಿ ಬಾಲವನ್ನಷ್ಟೇ ಉಳಿಸಿಕೊಂಡರು. ನೂರು ವರ್ಷ ಹಿಂದಿನ ಇಂಗ್ಲಿಷ್ ಕಾರ್ಯಕ್ರಮ ಪಟ್ಟಿಗಳಲ್ಲಿ ಈ ಪದದ ಮುಂದೆ ಮೇಲ್ಗಡೆ ಒಂದು ಪುಟ್ಟ ಕೊಕ್ಕೆಯಂಥ ಗುರುತು ಇರುತ್ತಿತ್ತು. ಮುಂದಿನ ಭಾಗ ಬಿಟ್ಟಿದ್ದೇವೆ ಎಂದು ತೋರಿಸಲು. ಆಮೇಲೆ ಆ ಕೊಕ್ಕೆಯೂ ಬಿದ್ದುಹೋಯಿತು.

ಇದೇ ಬಾಲ ನಿಮ್ಮ ಅಡುಗೆಮನೆಯಲ್ಲೂ ಇದೆ. ಪ್ಯಾಕೆಟ್ ಶಾವಿಗೆಯ ಮೇಲೆ ವರ್ಮಿಸೆಲ್ಲಿ ಎಂದು ಬರೆದಿರುತ್ತಾರಲ್ಲ, ಅದರ ಕೊನೆಯ ತುಂಡು ‘ಚೆಲ್ಲಿ’. ಒಂದಿದ್ದರೆ ಚೆಲ್ಲೊ, ಹಲವು ಇದ್ದರೆ ಚೆಲ್ಲಿ. ಪೂರ್ತಿ ಪದದ ಅರ್ಥ ‘ಪುಟ್ಟ ಹುಳುಗಳು’. (ಮಕ್ಕಳು ಪಾಯಸ ತಿನ್ನುವಾಗ ಇದನ್ನು ಹೇಳಬೇಡಿ.) ಇಟಲಿಯಲ್ಲಿ ಅದನ್ನು ‘ವೆರ್ಮಿಚೆಲ್ಲಿ’ ಎನ್ನುತ್ತಾರೆ. ಇಂಗ್ಲಿಷ್ ಬಾಯಲ್ಲಿ ‘ಚ’ ಹೋಗಿ ‘ಸ’ ಆಯಿತು. ವಾದ್ಯದ ಹೆಸರಿನಲ್ಲಿ ಮಾತ್ರ ‘ಚ’ ಉಳಿದುಕೊಂಡಿತು. ಹಾಗಾಗಿ ಪೆನ್ನಿನ ಹೆಸರಿನ ಥರ ‘ಸೆಲ್ಲೊ’ ಎಂದು ಯಾರಾದರೂ ಓದಿದರೆ, ಇದು ‘ಚ’ ಎಂದು ಧೈರ್ಯವಾಗಿ ಹೇಳಬಹುದು.

ಚಿಕ್ಕ ದೊಡ್ಡಪ್ಪ ಅನ್ನಬೇಕಾದರೆ ದೊಡ್ಡ ದೊಡ್ಡಪ್ಪ ಒಬ್ಬರು ಮೊದಲೇ ಇರಬೇಕು. ನಮ್ಮ ಕಣ್ಣಿಗೆ ಚೆಲೊ ದೊಡ್ಡದಾಗಿ ಕಾಣುವುದು ಆ ದೊಡ್ಡವರನ್ನು ನಾವು ನೋಡಿಲ್ಲದ ಕಾರಣ.

ತಂತಿಯಲ್ಲಿ ಕೆಳಗಿನ ಸ್ವರ ಹುಟ್ಟಬೇಕಾದರೆ ಮೂರೇ ದಾರಿ. ತಂತಿ ಉದ್ದ ಇರಬೇಕು, ಇಲ್ಲ ಸಡಿಲ ಇರಬೇಕು, ಇಲ್ಲ ಭಾರ ಇರಬೇಕು. ಸಡಿಲ ಮಾಡಿದರೆ ಕಮಾನಿಗೆ ಸಿಗದೆ ತಂತಿ ಜೋಲಾಡುತ್ತದೆ. 16ನೇ ಶತಮಾನದ ಇಟಲಿಯಲ್ಲಿ ತಂತಿ ಎಂದರೆ ಕುರಿಯ ಕರುಳನ್ನು ಹುರಿ ಮಾಡಿದ್ದು. ಅದಕ್ಕೆ ಭಾರ ಬರಬೇಕಾದರೆ ದಪ್ಪ ಮಾಡಬೇಕು. ದಪ್ಪ ಮಾಡಿದಷ್ಟೂ ಅದು ಬಿರುಸಾಗಿ, ನಾದ ಮಂಕಾಗುತ್ತದೆ, ಕಮಾನು ಎಳೆದರೆ ಬೇಗ ಮಾತಾಡುವುದಿಲ್ಲ. ಆಗ ಉಳಿದ ದಾರಿ ಉದ್ದ ಮಾಡುವುದೊಂದೇ. ತಂತಿ ಉದ್ದ ಬೇಕೆಂದರೆ ಒಡಲೂ ದೊಡ್ಡದಾಗಬೇಕು. ಹಾಗೆ ಹುಟ್ಟಿದ್ದು ದೊಡ್ಡ ಒಡಲಿನ ಮಂದ್ರ ವಾದ್ಯ. ಆ ಕಾಲದಲ್ಲಿ ಇಂಥ ದೊಡ್ಡ ವಾದ್ಯಗಳಿಗೆ ವಿಯೊಲೋನೆ ಎಂಬ ಹೆಸರು ಓಡಾಡುತ್ತಿತ್ತು. ಒಡಲೇ 80 ಸೆಂಟಿಮೀಟರ್ ಆಸುಪಾಸು ಇದ್ದ ವಾದ್ಯಗಳಿದ್ದವು. ಇಗರ್ಜಿಯಲ್ಲಿ ಹಾಡಿನ ಕೆಳಗೆ ನಿಧಾನವಾಗಿ ಮಂದ್ರ ಸ್ವರ ಹಿಡಿಯಲು ಅದು ಸಾಕಾಗಿತ್ತು. ಆದರೆ ಬೆರಳು ಅಷ್ಟು ದೂರ ಚಾಚಿ ಬಿರಬಿರನೆ ನುಡಿಸುವುದು ಯಾರಿಗಾದರೂ ಕಷ್ಟ.

1660ರ ದಶಕದ ಹೊತ್ತಿಗೆ ಒಂದು ಸಣ್ಣ ಉಪಾಯ ಎಲ್ಲವನ್ನೂ ಬದಲಿಸಿತು. ಕರುಳಿನ ತಂತಿಯ ಮೇಲೆ ಕೂದಲಿನಷ್ಟು ತೆಳ್ಳಗಿನ ಲೋಹದ ಎಳೆಯನ್ನು ಒತ್ತೊತ್ತಾಗಿ ಸುತ್ತಿದರು. ಈಗ ತಂತಿ ತೆಳ್ಳಗೇ ಇದ್ದು ಭಾರವೂ ಆಯಿತು. ಇನ್ನು ಅಷ್ಟುದ್ದ ಬೇಕಾಗಿಲ್ಲ, ಅಷ್ಟು ದೊಡ್ಡ ಒಡಲೂ ಬೇಕಾಗಿಲ್ಲ. ಮಂದ್ರ ಸ್ವರ ಹಾಗೇ ಉಳಿಸಿಕೊಂಡು ವಾದ್ಯವನ್ನು ಕುಗ್ಗಿಸಬಹುದು. ನಿಮ್ಮ ಮಗಳ ಚೆಲೊದ ದಪ್ಪ ತಂತಿಯ ಮೇಲೆ ಉಗುರನ್ನು ಮೆಲ್ಲಗೆ ಎಳೆದು ನೋಡಿ. ಜರ್ ಎಂದು ಸಣ್ಣ ಶಬ್ದ ಬರುತ್ತದೆ. ಆ ಸುತ್ತಿನ ಗೆರೆಗಳೇ ಅವು. ಚೆಲೊ ‘ಚಿಕ್ಕ’ದಾಗಲು ಕಾರಣ ಆ ಗೆರೆಗಳು.

‘ವಿಯೊಲೊನ್‌ಚೆಲ್ಲೊ’ ಎಂಬ ಹೆಸರು ಅಚ್ಚಿನಲ್ಲಿ ಮೊದಲು ಕಾಣುವುದೂ ಅದೇ ಕಾಲಕ್ಕೆ. 1665ರಲ್ಲಿ, ಬೊಲೋನ್ಯ ಊರಿನ ಜೂಲಿಯೊ ಚೆಜಾರೆ ಅರೆಸ್ತಿ ಎಂಬ ಸಂಗೀತಗಾರನ ಸೊನಾಟಗಳಲ್ಲಿ, ಅಂದರೆ ವಾದ್ಯಗಳಿಗಾಗಿ ಬರೆದ ಕೃತಿಗಳಲ್ಲಿ. ಅದಕ್ಕೂ ಮುಂಚೆ 1641ರ ಒಂದು ಪುಸ್ತಕದಲ್ಲಿ ‘ವಿಯೊಲೊನ್‌ಚೀನೊ’ ಎಂದಿತ್ತು. ಬಾಲ ಬೇರೆ, ಅರ್ಥ ಅದೇ. ದೊಡ್ಡದರಲ್ಲಿ ಚಿಕ್ಕದಾದ ವಾದ್ಯಕ್ಕೆ ಜನ ಒಂದು ಹೆಸರು ಹುಡುಕುತ್ತಿದ್ದರು. ಒಂದೆರಡು ಬಾಲ ಹಚ್ಚಿ ನೋಡಿ ಒಂದನ್ನು ಉಳಿಸಿಕೊಂಡರು.

ಹಳೆಯ ದೊಡ್ಡ ವಾದ್ಯಗಳ ಗತಿ? ಬಹಳಷ್ಟನ್ನು ಗರಗಸ ಹಿಡಿದು ಕೊಯ್ದು ಚಿಕ್ಕದು ಮಾಡಿದರು. ಕ್ರೆಮೋನ ಊರಿನ ಆಂಡ್ರಿಯಾ ಅಮಾಟಿ 16ನೇ ಶತಮಾನದಲ್ಲಿ ಮಾಡಿದ ‘ಕಿಂಗ್’ ಎಂಬ ಚೆಲೊ ಇಂದು ಅಮೆರಿಕದ ಸೌತ್ ಡಕೋಟದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಫ್ರಾನ್ಸಿನ ಅರಸನಿಗಾಗಿ ಅದರ ಮೈಮೇಲೆ ಬಣ್ಣದ ಚಿತ್ರ ಬರೆಸಿದ್ದರು. ಆಮೇಲೆ ವಾದ್ಯವನ್ನು ಕುಗ್ಗಿಸುವಾಗ ಬೆನ್ನ ಮೇಲಿನ ಚಿತ್ರದ ತುಂಡುಗಳೂ ಹೋದವು. ಈ ಕಸುಬಿನವನಾಗಿ ನನಗೆ ಅದರ ಫೋಟೊ ನೋಡಿದಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತದೆ. ಆದರೆ ಕೊಯ್ದವರಿಗೂ ಒಂದು ಲೆಕ್ಕ ಇತ್ತು. ಕೊಯ್ಯದಿದ್ದರೆ ಅದನ್ನು ಯಾರೂ ನುಡಿಸುತ್ತಿರಲಿಲ್ಲ. ವಾದ್ಯ ಮಾಡುವುದರಲ್ಲಿ ಹೆಸರಾಂತ ಸ್ಟ್ರಾಡಿವಾರಿಯೂ ಮೊದಮೊದಲು ದೊಡ್ಡ ಅಳತೆಯಲ್ಲೇ ಚೆಲೊ ಮಾಡುತ್ತಿದ್ದ. 1710ರ ಆಸುಪಾಸಿನಲ್ಲಿ ಒಡಲನ್ನು ಸುಮಾರು 76 ಸೆಂಟಿಮೀಟರಿಗೆ ಇಳಿಸಿದ. ಇಂದಿಗೂ ಪೂರ್ತಿ ಅಳತೆಯ ಚೆಲೊಗೆ ಹೆಚ್ಚುಕಮ್ಮಿ ಅದೇ ಮಾಪು.

ಹೋದ ವರ್ಷ ನನ್ನ ತರಗತಿಯಲ್ಲಿ ಒಬ್ಬ ಹುಡುಗ ನಿಮ್ಮ ಪ್ರಶ್ನೆಯನ್ನೇ ಕೇಳಿದ. ಬಾಯಲ್ಲಿ ಹೇಳುವ ಬದಲು ಚಾಪೆಯ ಮೇಲೆ ನಾಲ್ಕು ವಾದ್ಯ ಸಾಲಾಗಿ ಮಲಗಿಸಿದೆ. ಟೇಪು ಅವನ ಕೈಗೇ ಕೊಟ್ಟೆ. ವಯಲಿನ್ ಒಡಲು 35 ಮತ್ತು ಅರ್ಧ ಸೆಂಟಿಮೀಟರ್. ವಯೋಲ 40. ಚೆಲೊ 75 ಮತ್ತು ಅರ್ಧ. ಕೊನೆಗೆ ರಿಪೇರಿಗೆ ಬಂದಿದ್ದ ಡಬಲ್ ಬಾಸ್, ಈ ಸಾಲಿನಲ್ಲೇ ಎಲ್ಲಕ್ಕಿಂತ ದೊಡ್ಡದು, 110 ದಾಟಿತು. ಆ ಬಾಸ್ ಪಕ್ಕದಲ್ಲಿ ಬಿದ್ದ ಕೂಡಲೇ ಚೆಲೊ ನಿಜಕ್ಕೂ ಚಿಕ್ಕದಾಗಿ ಕಂಡಿತು. ಹುಡುಗ ಟೇಪು ಸುತ್ತುತ್ತಾ ‘ಓ, ಇದು ಮರಿ’ ಅಂದ. ನನಗೆ ಇನ್ನೇನೂ ಹೇಳಬೇಕಾಗಲಿಲ್ಲ.

ಹೆಸರು ಒಮ್ಮೆ ನೆಲೆಯಾದ ಮೇಲೆ ವಾದ್ಯದ ಜೊತೆ ಮನುಷ್ಯರಿಗೂ ಅಂಟಿಕೊಂಡಿತು. ಬೊಲೋನ್ಯದಲ್ಲಿ ಡೊಮೆನಿಕೊ ಗಾಬ್ರಿಯೆಲ್ಲಿ ಎಂಬ ವಾದಕನಿದ್ದ. 1690ರಲ್ಲಿ ತೀರಿಕೊಂಡ. ಒಂಟಿ ಚೆಲೊಗಾಗಿಯೇ ಸಂಗೀತ ಬರೆದ ಮೊದಲಿಗರಲ್ಲಿ ಒಬ್ಬ. ಊರಿನವರು ಅವನನ್ನು ‘ಚೆಲೊದ ಮಿಂಗೀನೊ’ ಎಂದೇ ಕರೆಯುತ್ತಿದ್ದರಂತೆ. ಡೊಮೆನಿಕೊಗೆ ಮುದ್ದಿನ ಹೆಸರು ಮಿಂಗೀನೊ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಪಿಟೀಲು ಚೌಡಯ್ಯನವರು. ತಿರುಮಕೂಡಲು ನರಸೀಪುರದಿಂದ ಬಂದು, ಬಿಡಾರಂ ಕೃಷ್ಣಪ್ಪನವರ ಹತ್ತಿರ ಕಲಿತು, ವಾದ್ಯದ ಹೆಸರನ್ನೇ ತಮ್ಮ ಹೆಸರಿನ ಮುಂದೆ ಹೊತ್ತವರು. ಮೈಕು ಇಲ್ಲದ ಕಾಲದಲ್ಲಿ ನಾದ ಕೊನೆಯ ಸಾಲಿನವರೆಗೂ ಮುಟ್ಟಲಿ ಎಂದು 1927ರಲ್ಲಿ ಅವರು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದಾಗಿ ಮಾಡಿದರು. ಅಲ್ಲಿ ಬೊಲೋನ್ಯ, ಇಲ್ಲಿ ಮೈಸೂರು. ಎರಡೂ ಕಡೆ ಕೆಲಸ ನಡೆದದ್ದು ತಂತಿಯಲ್ಲೇ.

ಇನ್ನು ನಿಮ್ಮ ಮಾವನವರ ಮಾತು. ಬಾಹುಲೀನ ಚೆಂದದ ಪದ. ‘ತೋಳಿನಲ್ಲಿ ಲೀನವಾದದ್ದು’ ಎಂಬ ಅರ್ಥವೂ ವಾದ್ಯಕ್ಕೆ ಒಪ್ಪುತ್ತದೆ. ಆದರೆ ಅದು ವಯಲಿನ್‌ನ ತಾಯಿ ಅಲ್ಲ. ವಯಲಿನ್ ಎಂಬ ಸದ್ದು ಕಿವಿಗೆ ಬಿದ್ದ ಮೇಲೆ, ಆ ಸದ್ದಿನ ಅಳತೆಗೆ ಹೊಲಿದ ಸಂಸ್ಕೃತದ ಅಂಗಿ. ಇಟಲಿಯಲ್ಲಿ ಈ ಹೆಸರು ಹೆಜ್ಜೆ ಹೆಜ್ಜೆಗೆ ಕಾಣಸಿಗುತ್ತದೆ: ವಿಯೋಲ, ವಿಯೊಲೀನೊ, ವಿಯೊಲೋನೆ. ಒಂದೇ ಪದಕ್ಕೆ ಬೇರೆ ಬೇರೆ ಬಾಲ. ಬಾಹುಲೀನದಿಂದ ಹೊರಟರೆ ಈ ಅಣ್ಣತಮ್ಮಂದಿರಲ್ಲಿ ಯಾರ ಲೆಕ್ಕವೂ ಸಿಗುವುದಿಲ್ಲ. ಚೆಲೊ ತೋಳಿನಲ್ಲಿ ಕೂರುವುದೂ ಇಲ್ಲ, ಮೊಣಕಾಲುಗಳ ನಡುವೆ ಕೂರುತ್ತದೆ.

ಹಾಗಂತ ಮಾವನವರ ಮಾತನ್ನು ತಳ್ಳಿಹಾಕಬೇಡಿ. ಅವರ ಮಾತಿನ ಹಿಂದೆ ಎರಡು ನಿಜ ಇವೆ. ಒಂದು, ಇಟಾಲಿಯನ್ನರೂ ತೋಳಿನ ಲೆಕ್ಕದಲ್ಲೇ ಹೆಸರಿಟ್ಟಿದ್ದರು. ಮೇಲಕ್ಕೆತ್ತಿ ಹಿಡಿದು ನುಡಿಸುವುದಕ್ಕೆ ‘ವಿಯೋಲ ದ ಬ್ರಾಚೊ’, ತೋಳಿನ ವಿಯೋಲ. ಕಾಲ ನಡುವೆ ಇಟ್ಟು ನುಡಿಸುವ ಇನ್ನೊಂದು ಮನೆತನಕ್ಕೆ ‘ವಿಯೋಲ ದ ಗಾಂಬ’, ಕಾಲಿನ ವಿಯೋಲ. ಜರ್ಮನರು ಇಂದಿಗೂ ವಯೋಲವನ್ನು ‘ಬ್ರಾಚೆ’ ಎನ್ನುವುದು ಆ ತೋಳಿನಿಂದಲೇ. ಬ್ರಾಚೊ ಮತ್ತು ಬಾಹು ಎರಡೂ ‘ಬ’ದಿಂದ ಶುರುವಾದರೂ ನಂಟರಲ್ಲ. ಆದರೆ ಹೆಸರಿಡುವವರ ಯೋಚನೆ ಒಂದೇ ದಾರಿಯಲ್ಲಿ ಹೋಗಿದೆ. ಎರಡು, ಕಮಾನಿನಿಂದ ತಂತಿ ಉಜ್ಜುವ ವಿದ್ಯೆ ಯುರೋಪಿನದಲ್ಲ. ಅದು ಏಷ್ಯಾದ ಕಡೆಯಿಂದ, ಅರಬರ ಮತ್ತು ಬೈಜಾಂಟಿಯಮ್‌ನ ನಾಡುಗಳ ಮೂಲಕ 10–11ನೇ ಶತಮಾನದ ಹೊತ್ತಿಗೆ ಅಲ್ಲಿಗೆ ಹೋಯಿತು. ವಿದ್ಯೆ ಪೂರ್ವದ್ದು, ಹೆಸರು ಇಟಲಿಯದ್ದು. ಮಾವನವರಿಗೆ ಹೀಗೆ ಹೇಳಿ ನೋಡಿ, ಅವರಿಗೂ ಸಂತೋಷವಾದೀತು.

ಇನ್ನೊಂದು ತಪ್ಪು ಕತೆಯನ್ನೂ ಕೇಳಿರಬಹುದು: ವಿಯೋಲ ಎಂದರೆ ಲ್ಯಾಟಿನ್‌ನಲ್ಲಿ ನೇರಳೆ ಬಣ್ಣದ ಒಂದು ಹೂವು, ಅದರಿಂದ ವಾದ್ಯಕ್ಕೆ ಹೆಸರು ಬಂತು ಅಂತ. ಹೂವು ನಿಜ, ನಂಟು ಸುಳ್ಳು. ಎರಡು ಪದ ಒಂದೇ ಥರ ಕೇಳುತ್ತವೆ, ಅಷ್ಟೇ.

ನನಗೆ ಬಹಳ ಇಷ್ಟವಾದ ನಂಟು ಬೇರೆಯೇ ಇದೆ. ಅದು ನಮ್ಮ ಪಿಟೀಲಿನದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿನ ವಾದಕರಿಂದ ಈ ವಾದ್ಯ ಕಲಿತ ಕಾಲದಲ್ಲಿ, ಇಂಗ್ಲಿಷರು ಅದನ್ನು ವಯಲಿನ್ ಎನ್ನುವ ಹಾಗೆ ಫಿಡಲ್ ಅಂತಲೂ ಕರೆಯುತ್ತಿದ್ದರು. ಆ ಫಿಡಲ್ಲೇ ತೆಲುಗಿನಲ್ಲಿ ಫಿಡೇಲು, ತಮಿಳಿನಲ್ಲಿ ಪಿಡಿಲ್, ನಮ್ಮಲ್ಲಿ ಪಿಟೀಲು. ಕಾಫಿ ಕಾಪಿಯಾದ ಹಾಗೆ ‘ಫಿ’ ‘ಪಿ’ ಆಯಿತು. ಈಗ ಆ ಫಿಡಲ್ ಎಲ್ಲಿಂದ ಬಂತು ನೋಡಿ. ಮಧ್ಯಯುಗದ ಲ್ಯಾಟಿನ್‌ನಲ್ಲಿ ತಂತಿವಾದ್ಯಕ್ಕೆ ‘ವಿಟುಲ’ ಎಂಬ ಪದವಿತ್ತು. ಭಾಷಾಪಂಡಿತರಲ್ಲಿ ಹೆಚ್ಚಿನವರ ಅಭಿಪ್ರಾಯದಲ್ಲಿ ಫಿಡಲ್ ಹುಟ್ಟಿದ್ದು ಅದರಿಂದ. ವಿಯೋಲಕ್ಕೂ ಅದೇ ಮೂಲ ಎನ್ನುವವರಿದ್ದಾರೆ. ಹಾಗಿದ್ದರೆ ನಾವು ಪಿಟೀಲು ಅಂದರೂ, ವಯಲಿನ್ ಅಂದರೂ, ಚೆಲೊ ಅಂದರೂ ಕರೆಯುತ್ತಿರುವುದು ಒಂದೇ ಅಜ್ಜಿಯ ಮೊಮ್ಮಕ್ಕಳನ್ನು. ‘ಪಿಟೀಲು ಹಳ್ಳಿಯ ಮಾತು, ವಯಲಿನ್ ಅನ್ನಬೇಕು’ ಎಂದು ಮಕ್ಕಳನ್ನು ತಿದ್ದುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಪಿಟೀಲು ಪೂರ್ತಿ ಮರ್ಯಾದೆಯ ಪದ. ಅದನ್ನು ಬಿಟ್ಟುಕೊಡಬೇಡಿ.

ಹಾಗಾದರೆ ಮುಂದಿನ ಆಮಂತ್ರಣದಲ್ಲಿ ಏನು ಬರೆಯುವುದು?

‘ದೊಡ್ಡ ಪಿಟೀಲು’ ಎಂದು ಬರೆಯುವ ಆಸೆ ನಿಮಗೂ ಬಂದಿರಬಹುದು. ಓದುವವರಿಗೆ ತಕ್ಷಣ ಒಂದು ರೂಪ ಕಣ್ಣಿಗೆ ಕಟ್ಟುತ್ತದೆ, ನಿಜ. ಆದರೆ ಅದನ್ನು ಓದಿದವರು ಡಬಲ್ ಬಾಸ್ ಎಂದೂ ತಿಳಿಯಬಹುದು. ಇನ್ನೊಂದು ವಿಷಯ, ಚೆಲೊ ದೊಡ್ಡದಾದ ವಯಲಿನ್ ಅಲ್ಲ. ವಯಲಿನ್‌ನ ನಾಲ್ಕು ತಂತಿ, ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ, ಜಿ, ಡಿ, ಎ, ಇ. ಚೆಲೊದ್ದು ಸಿ, ಜಿ, ಡಿ, ಎ. ವಯೋಲದ್ದೂ ಅದೇ ನಾಲ್ಕು, ಒಂದು ಸ್ಥಾಯಿ ಮೇಲೆ. ಅಂದರೆ ಹೆಸರು ಹೇಳುವ ಹಾಗೆ ಅದು ವಯೋಲದ ಕಡೆಯ ನಂಟ.

‘ಮಂದ್ರವೀಣೆ’ ಥರದ ಹೊಸ ಪದ ಕಟ್ಟುವುದನ್ನೂ ನಾನು ಒಪ್ಪುವುದಿಲ್ಲ. ನಮ್ಮಲ್ಲಿ ವೀಣೆ ಎಂದ ಕೂಡಲೇ ಬೆರಳಲ್ಲಿ ಮೀಟುವುದು ನೆನಪಾಗುತ್ತದೆ. ಸಭಿಕರು ಒಂದು ನಿರೀಕ್ಷೆ ಇಟ್ಟುಕೊಂಡು ಕೂತಿರುತ್ತಾರೆ, ವೇದಿಕೆಗೆ ಇನ್ನೊಂದೇ ಬರುತ್ತದೆ.

‘ವಯಲೊನ್‌ಚೆಲ್ಲೊ’ ಪೂರ್ತಿ ಸರಿ. ಆದರೆ ಮೈಕು ಹಿಡಿದ ನಿರೂಪಕರು ತಡವರಿಸುತ್ತಾರೆ, ಅಚ್ಚಿನ ಮನೆಯವರು ‘ತಿದ್ದಿ’ ಮತ್ತೆ ವಯಲಿನ್ ಮಾಡಿಬಿಡುತ್ತಾರೆ. ನಿಮ್ಮದೂ ಹಾಗೇ ಆಗಿರಬಹುದೇನೋ ಅಂತ ನನಗೆ ಅನುಮಾನ ಬಂದಿತ್ತು, ನೀವೇ ಬರೆದದ್ದು ಎಂದು ಒಪ್ಪಿಕೊಂಡಿದ್ದೀರಿ.

ಉಳಿದದ್ದು ಬರೀ ‘ಚೆಲ್ಲೊ’ ಅಥವಾ ‘ಚೆಲೊ’. ಇಟಾಲಿಯನ್ ಕಿವಿಗೆ ಒತ್ತಕ್ಷರವೇ ಸರಿ, ಅಲ್ಲಿ ಎರಡು ‘ಲ’ ಇದೆ. ಆದರೆ ಕನ್ನಡದ ಮಕ್ಕಳ ಕಿವಿಗೆ ಅದು ‘ಚೆಲ್ಲೋ!’, ನೀರು ಚೆಲ್ಲೋ ಅಂದ ಹಾಗೆ. ನನ್ನ ತರಗತಿಯಲ್ಲಿ ಒಂದು ಮಗು ಚೆಲ್ಲೊ ಎಂದರೆ ಇನ್ನೊಂದು ಕುಡಿಯುವ ನೀರಿನ ಬಾಟಲಿ ಬಗ್ಗಿಸುತ್ತದೆ. ಸುಮ್ನೆ ಹೇಳುತ್ತಿಲ್ಲ, ನೆಲ ಒರೆಸಿದ್ದೇನೆ. ಅದಕ್ಕೇ ನಾನು ಒತ್ತು ಬಿಟ್ಟು ‘ಚೆಲೊ’ ಎಂದು ಬರೆಯುತ್ತೇನೆ. ಇಂಗ್ಲಿಷಿನ ಉಚ್ಚಾರಕ್ಕೂ ಅದು ಹತ್ತಿರ. ಮೊದಲ ಸಲ ಬರೆಯುವಾಗ ‘ಚೆಲೊ (ವಯಲೊನ್‌ಚೆಲ್ಲೊ)’ ಎಂದು ಪೂರ್ತಿ ಹೆಸರನ್ನು ಪಕ್ಕದಲ್ಲಿ ಕೊಡಿ, ಆಮೇಲೆ ಚೆಲೊ ಸಾಕು. ನನ್ನ ಆಯ್ಕೆ ಇದು. ಒತ್ತಕ್ಷರ ಹಾಕಿ ಬರೆದರೂ ತಪ್ಪೆಂದು ಯಾರೂ ಹೇಳುವ ಹಾಗಿಲ್ಲ.

ಈಗ ತಂತಿಗೆ ಬರೋಣ. ಇಷ್ಟು ಓದಿದ ಮೇಲೆ ನಿಮಗೇ ಗೊತ್ತಾಗಿರುತ್ತದೆ. ವಯೋಲ ಎಂದರೆ ವಯಲಿನ್‌ಗೆ ಇಟಾಲಿಯನ್ ಹೆಸರಲ್ಲ. ಇಂದು ಅದು ವಯಲಿನ್‌ಗಿಂತ ತುಸು ದೊಡ್ಡದಾದ ಬೇರೆಯೇ ವಾದ್ಯ. ವಯಲಿನ್‌ಗೆ ಇಟಲಿಯಲ್ಲಿ ವಿಯೊಲೀನೊ ಎನ್ನುತ್ತಾರೆ. ವಯೋಲ ತಂತಿ ಉದ್ದ ಜಾಸ್ತಿ, ದಪ್ಪ ಜಾಸ್ತಿ. ಅದರ ಸಿ ತಂತಿಯನ್ನು ವಯಲಿನ್ನಿನ ಜಿ ಇರುವ ಜಾಗಕ್ಕೆ ಹಾಕಿ, ಜಿ ಸ್ವರಕ್ಕೆ ಬರುವ ತನಕ ಬಿರಡೆ ತಿರುಗಿಸುತ್ತಾ ಹೋದರೆ, ಆ ತಂತಿ ತನ್ನ ವಾದ್ಯದಲ್ಲಿ ತಡೆಯಬೇಕಾದದ್ದಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಬಿಗಿತ ತಡೆಯಬೇಕಾಗುತ್ತದೆ. ತಂತಿ ಹರಿದರೆ ಅದು ನಿಮ್ಮ ಅದೃಷ್ಟ. ಹರಿಯದಿದ್ದರೆ ಬಿರಡೆ ಜಾರುತ್ತದೆ, ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಅಂದರೆ ಕುದುರೆ, ಮುಂದಕ್ಕೆ ಬಾಗುತ್ತದೆ, ಮೇಲ್ಹಲಗೆಯ ಮೇಲೆ ಒತ್ತಡ ಕೂರುತ್ತದೆ.

ಎರಡು ವರ್ಷದ ಹಿಂದೆ ಒಬ್ಬ ತಂದೆ ಬಟ್ಟೆಯಲ್ಲಿ ಸುತ್ತಿ ಒಂದು ಪಿಟೀಲು ತಂದರು. ಅವರ ಅಪ್ಪ ನುಡಿಸುತ್ತಿದ್ದದ್ದಂತೆ. ಬಟ್ಟೆ ಬಿಡಿಸಿದಾಗ ಕುದುರೆ ಮಗುಚಿ ಬಿದ್ದಿತ್ತು. ಎಡಗಡೆಯ ನಾದರಂಧ್ರದ ತುದಿಯಿಂದ ಕೆಳಕ್ಕೆ ಒಂದು ಬೆರಳುದ್ದದ ಬಿರುಕು. ಬಿರಡೆಗೆ ಸುತ್ತಿದ್ದ ತಂತಿ ಮುಟ್ಟಿ ನೋಡಿದೆ, ವಯೋಲದ್ದು. ಅಂಗಡಿಯವರು ‘ಎಲ್ಲಾ ಒಂದೇ’ ಅಂದಿದ್ದರಂತೆ. ಬಿರುಕು ಅಂಟಿಸಿ, ಒಳಗಿನಿಂದ ಮರದ ಚಿಕ್ಕ ಚಿಕ್ಕ ಪಟ್ಟಿ ಕೂರಿಸಿ, ಮೂರು ವಾರದ ಮೇಲೆ ವಾಪಸ್ ಕೊಟ್ಟೆ. ಈಗ ನುಡಿಯುತ್ತದೆ. ಆದರೆ ಆ ಗೆರೆ ಹೋಗುವುದಿಲ್ಲ.

ನಿಮ್ಮ ಮಗಳ ಹಳೆಯ ಪಿಟೀಲಿನ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಏಳೆಂಟು ವರ್ಷಕ್ಕೆ ಶುರು ಮಾಡಿದ್ದರೆ ಅದು ಪೂರ್ತಿ ಅಳತೆಯದ್ದಲ್ಲ, ಅರ್ಧ ಅಥವಾ ಮುಕ್ಕಾಲು ಇರಬಹುದು. ಹಾಗಾಗಿ ವಯಲಿನ್ ಎಂಬ ಹೆಸರೊಂದೇ ಸಾಲದು. ಕುದುರೆಯ ತಲೆಯಿಂದ, ಬಿರಡೆಗಳ ಕೆಳಗೆ ತಂತಿ ಕೂರುವ ಆ ಪುಟ್ಟ ಕರಿ ಪಟ್ಟಿಯವರೆಗೆ ಟೇಪು ಹಿಡಿಯಿರಿ. 32 ಮತ್ತು ಅರ್ಧ ಸೆಂಟಿಮೀಟರ್ ಆಸುಪಾಸು ಬಂದರೆ ಪೂರ್ತಿ ಅಳತೆ, ಕವರಿನ ಮೇಲೆ 4/4 ಎಂದಿರುವುದನ್ನು ಕೇಳಿ. ಅದಕ್ಕಿಂತ ಕಡಿಮೆ ಬಂದರೆ ಒಳಗೆ ಅಂಟಿಸಿದ ಚೀಟಿಯನ್ನು ರಂಧ್ರದ ಮೂಲಕ ಟಾರ್ಚ್ ಬಿಟ್ಟು ಓದಿ, 3/4 ಅಥವಾ 1/2 ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಚೆಲೊ ತಂತಿಗೂ ಇದೇ ಮಾತು. 11 ವರ್ಷದ ಮಗುವಿನ ಕೈಯಲ್ಲಿರುವುದು ಹೆಚ್ಚಾಗಿ ಅರ್ಧ ಅಥವಾ ಮುಕ್ಕಾಲು ಅಳತೆಯ ಚೆಲೊ. ಅದಕ್ಕೆ ಪೂರ್ತಿ ಅಳತೆಯ ತಂತಿ ಹಾಕಿದರೆ ಹರಿಯುವುದಿಲ್ಲ, ಸಡಿಲವಾಗಿ ಜೋಲಾಡಿ ಸ್ವರ ನಿಲ್ಲುವುದಿಲ್ಲ. ಮಗು ತನ್ನ ಕಮಾನೇ ಸರಿ ಇಲ್ಲ ಅಂದುಕೊಂಡು ಅಳುತ್ತದೆ.

ಹೊಸ ತಂತಿ ಬಂದ ಮೇಲೆ ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದು ತೆಗೆದು, ಅದರ ಜಾಗಕ್ಕೆ ಹೊಸದು ಹಾಕಿ, ಅರ್ಧ ಬಿಗಿದು, ಆಮೇಲೆ ಮುಂದಿನದು. ಒಳಗೆ ನಿಂತಿರುವ ಸೌಂಡ್ ಪೋಸ್ಟ್ ಎಂಬ ಪುಟ್ಟ ಮರದ ಕಡ್ಡಿ ಅಂಟಿಸಿದ್ದಲ್ಲ, ತಂತಿಯ ಒತ್ತಡದಿಂದಲೇ ನಿಂತಿರುತ್ತದೆ. ಒಳಗೆ ಏನೋ ಟಕ್ ಎಂದು ಬಿದ್ದ ಶಬ್ದ ಕೇಳಿದರೆ ಬಿಗಿಯುವುದನ್ನು ಅಲ್ಲಿಗೇ ನಿಲ್ಲಿಸಿ, ಎಲ್ಲ ತಂತಿ ಸಡಿಲಿಸಿ, ರಿಪೇರಿ ಮಾಡುವವರ ಹತ್ತಿರ ತೆಗೆದುಕೊಂಡು ಹೋಗಿ.